ನೇತ್ರಾಣಿಯಲ್ಲಿ ಉಸಿರಿನ ಲೆಕ್ಕ

ಮುರ್ಡೇಶ್ವರಕ್ಕೆ ಹೋದವರು ಶಿವನ ಮೂರ್ತಿ, ರಾಜಗೋಪುರ ನೋಡಿ ವಾಪಸ್ ಬಂದುಬಿಡ್ತಾರೆ. ಅಲ್ಲಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಮಳೆಗಾಲ ಮುಗಿದ ಮೇಲೆ ಇಲ್ಲಿ ಸ್ಕೂಬಾ ಡೈವಿಂಗ್ ಶುರು. ಹವಳ, ಬಣ್ಣದ ಮೀನು ನೋಡೋಕೆ ಎರಡು ಕಣ್ಣು ಸಾಲದು!

ನೀರೊಳಗೆ ನಮಗೆ ಉಸಿರು ಕೊಡೋದು ರೆಗ್ಯುಲೇಟರ್. ಅದರಲ್ಲಿ ಎರಡು ಬಗೆ. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಮಾದರಿಯಲ್ಲಿ ಕವಾಟ ತೆರೆಯಲು ಸಿಲಿಂಡರ್‌ನ ಒತ್ತಡವೇ ನೆರವು. ತುಂಬಿದಾಗ 200 ಬಾರ್ ಇದ್ದದ್ದು ಇಳಿಯುತ್ತಾ ಬಂದಂತೆ ಉಸಿರೆಳೆಯೋದು ಬಿಗಿಯಾಗುತ್ತೆ. ಬ್ಯಾಲೆನ್ಸ್ಡ್‌ನಲ್ಲಿ ಸಿಲಿಂಡರ್ ಬಹುತೇಕ ಖಾಲಿಯಾಗುವವರೆಗೂ ಒಂದೇ ಸಲೀಸು.

ಹೊಸಬರು ಇಳಿಯುವ ಹತ್ತು ಮೀಟರ್ ಆಸುಪಾಸಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಆದರೆ 30 ಮೀಟರ್‌ನಲ್ಲಿ ಒತ್ತಡ ಮೇಲಿನದರ 4 ಪಟ್ಟು. ಪ್ರತಿ ಉಸಿರಿಗೂ 4 ಪಟ್ಟು ಗಾಳಿ ಬೇಕು. ಗಾಳಿ ಕಡಿಮೆಯಾದಾಗ ಜೊತೆಗಾರನಿಗೂ ಹಂಚಬೇಕಾಗಿ ಬಂದರೆ ಅನ್‌ಬ್ಯಾಲೆನ್ಸ್ಡ್ ತಿಣುಕುತ್ತೆ.

ಹಾಗಾಗಿ ಆಳಕ್ಕೆ ಇಳಿಯೋರು ಬ್ಯಾಲೆನ್ಸ್ಡ್ ಕೇಳಿ ಪಡೆಯಿರಿ. ಒಂದು ಮಾತು ನೆನಪಿರಲಿ: ಉಸಿರು ಸಲೀಸಾಗಿದೆ ಅಂದರೆ ಗಾಳಿ ಸಾಕಷ್ಟಿದೆ ಅಂತಲ್ಲ. ಬ್ಯಾಲೆನ್ಸ್ಡ್ ಮುನ್ಸೂಚನೆ ಕೊಡೋದು ತೀರಾ ಕೊನೆಗೆ. ಮೀನು ನೋಡ್ತಾ ಮೀಟರ್ ಮರೀಬೇಡಿ. ಕನಿಷ್ಠ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಿ.