ಸೇಡಂನಲ್ಲಿ ಕೂತು ಕಡಲ ಲೆಕ್ಕ

2 ಅಕ್ಟೋಬರ್ 2024, ಬುಧವಾರ, ಸೇಡಂ

ಮಹಾಲಯ ಅಮಾವಾಸ್ಯೆ. ಕಾರವಾರದ ಉಬ್ಬರ-ಇಳಿತದ ಪಟ್ಟಿ ಪ್ರಿಂಟ್ ಹಾಕಿಸಿದೆ. ಜೆರಾಕ್ಸ್ ಅಂಗಡಿಯ ಹುಡುಗ, "ಸರ, ನಮ್ಮ ಕಾಗಿಣಾ ಹೊಳಿಗೆ ಇದ್ಯಾಕ ಬೇಕ್ರಿ?" ಅಂತ ನಕ್ಕ. ಹೊನ್ನಾವರದ ಬ್ಯಾಂಕಿಗೆ ವರ್ಗವಾದ ಅಳಿಯ, ದಸರಾ ರಜೆಯಲ್ಲಿ ಮೀನುಗಾರರ ಬೋಟಿನಲ್ಲಿ ಕಡಲಿಗೆ ಕರೆದೊಯ್ಯುತ್ತಾನಂತೆ.

ಒಳನಾಡಿನವರಿಗೆ ಈ ವಿದ್ಯೆ ಯಾಕೆ ಅನ್ನುವಂತಿಲ್ಲ. ಅಲೆ, ಪ್ರವಾಹಗಳ ಮುನ್ಸೂಚನೆ ಕೊಡುವ ಇನ್‌ಕಾಯ್ಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ತಾಂಡೂರು ದಾಟಿದರೆ ನಮ್ಮ ರೈಲು ಹೋಗಿ ಸೇರುವುದೂ ಅಲ್ಲಿಗೇ. ನೌಕಾ ನಕ್ಷೆ ತಯಾರಿಸುವವರು ಡೆಹ್ರಾಡೂನಿನಲ್ಲಿದ್ದಾರೆ.

5 ಅಕ್ಟೋಬರ್, ಶನಿವಾರ, ಚಿತ್ತಾಪುರ

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳ ಎತ್ತರ ಒಂದೇ ಇರುವುದಿಲ್ಲ. ಚಂದ್ರನ ದಿನ 24 ಗಂಟೆ 50 ನಿಮಿಷ, ಆದ್ದರಿಂದ ನಾಳೆಯ ಉಬ್ಬರ ಇವತ್ತಿಗಿಂತ ಸುಮಾರು 50 ನಿಮಿಷ ತಡ. ನಕ್ಷೆಯಲ್ಲಿ ಆಳ 2 ಮೀಟರ್, ಪಟ್ಟಿಯಲ್ಲಿ ಎತ್ತರ 1.5 ಇದ್ದರೆ ಆ ಹೊತ್ತಿನ ನೀರು 3.5 ಮೀಟರ್. ನಕ್ಷೆಯವರು ತೀರಾ ಇಳಿದ ನೀರನ್ನೇ ಸೊನ್ನೆ ಎಂದು ಹಿಡಿಯುತ್ತಾರೆ. ಎಚ್ಚರಿಕೆಯ ಜನ.

ನೀರು ಒಂದೇ ಸಮನೆ ಏರುವುದಿಲ್ಲ. 1.8 ಮೀಟರ್ ಏರಬೇಕಿದ್ದರೆ ಆರು ತಾಸಿನಲ್ಲಿ ಸುಮಾರಾಗಿ 15, 30, 45, 45, 30, 15 ಸೆಂಟಿಮೀಟರ್. ನಡುವಿನ ಎರಡು ತಾಸಿನಲ್ಲೇ ಅರ್ಧ ನೀರು ಬರುತ್ತದೆ.

"ಊಟಕ್ಕ ಏಳೋ, ಸಮುದ್ರ ಎಲ್ಲೂ ಓಡಿ ಹೋಗಂಗಿಲ್ಲ" ಅಂದಳು ಅಕ್ಕ.

7 ಅಕ್ಟೋಬರ್, ಸೋಮವಾರ, ವಾಡಿ ಜಂಕ್ಷನ್

ರೈಲು ತಡ. ಪ್ಲಾಟ್‌ಫಾರ್ಮಿನಲ್ಲಿ ಪ್ರವಾಹದ ನಕ್ಷೆ ಬಿಚ್ಚಿದೆ. ಉಬ್ಬರದ ಪಟ್ಟಿ ನೀರಿನ ಎತ್ತರ ಹೇಳುತ್ತದೆ, ಹರಿಯುವ ದಿಕ್ಕು ಹೇಳುವುದಿಲ್ಲ. ಅದಕ್ಕೆ ಈ ಬಾಣಗಳು. ಗಾಳಿಯನ್ನು ಬಂದ ದಿಕ್ಕಿನಿಂದ ಕರೆಯುತ್ತಾರೆ, ಪ್ರವಾಹವನ್ನು ಹೋಗುವ ದಿಕ್ಕಿನಿಂದ. ನಮ್ಮ ಕರಾವಳಿಯಾಚೆ ಬಾಣ ತಿರುಗಿಸುವುದು ಚಂದ್ರನಿಗಿಂತ ಹೆಚ್ಚಾಗಿ ಮುಂಗಾರು, ಹಿಂಗಾರುಗಳೇ: ಮಳೆಗಾಲದಲ್ಲಿ ನೀರು ದಕ್ಷಿಣಕ್ಕೆ, ನವೆಂಬರ್ ಹೊತ್ತಿಗೆ ಉತ್ತರಕ್ಕೆ. ಅಕ್ಟೋಬರ್ ಎರಡಕ್ಕೂ ಸೇರಿದ್ದಲ್ಲ.

ಎಂಟು ನಾಟ್ ವೇಗದ ಬೋಟಿಗೆ ಹತ್ತು ನಾಟಿಕಲ್ ಮೈಲಿ ಹೋಗಲು ಒಂದೂಕಾಲು ತಾಸು. ಅಷ್ಟರಲ್ಲಿ ಅರ್ಧ ನಾಟಿನ ಅಡ್ಡ ಪ್ರವಾಹ ಅದನ್ನು ಒಂದು ಕಿಲೋಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಒಯ್ದಿರುತ್ತದೆ. ಬೋಟಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

8 ಅಕ್ಟೋಬರ್, ಮಂಗಳವಾರ, ಶಹಾಬಾದ

ಅಳಿಯನ ಫೋನು. "ಮಾವಾ, ಹದಿನೇಳಕ್ಕ ಶೀಗಿ ಹುಣ್ಣಿಮಿ. ಆವತ್ತೇ ಹೋಗೂಣು, ಕಡಲು ಭಾಳ ಛಂದ ಕಾಣ್ತದ."

ಬ್ಯಾಡಪ್ಪ ಅಂದೆ. ಈ ವರ್ಷದ ಹುಣ್ಣಿಮೆಗಳಲ್ಲಿ ಚಂದ್ರ ಭೂಮಿಗೆ ಅತಿ ಹತ್ತಿರ ಬರುವುದು ಅವತ್ತೇ, ಏರಿಳಿತ ದೊಡ್ಡದು. ಇಳಿತದ ಹೊತ್ತಿಗೆ ಶರಾವತಿ ಹೊನ್ನಾವರದ ಅಳಿವೆಯಿಂದ ಹೊರನುಗ್ಗುತ್ತದೆ, ಎದುರಿಗೆ ಕಡಲ ಅಲೆ. ಎರಡೂ ತಾಗಿದಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಹೂಳು ತುಂಬಿದ ಆ ಅಳಿವೆಯಲ್ಲಿ ಬೋಟು ಅಪಾಯಕ್ಕೆ ಸಿಕ್ಕ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದ್ದೇನೆ. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಏರಿಳಿತ ತೀರ ಕಡಿಮೆ. ಹನ್ನೊಂದಕ್ಕೆ ಆಯುಧಪೂಜೆ, ಹನ್ನೆರಡಕ್ಕೆ ವಿಜಯದಶಮಿ, ಬೋಟು ಕದಲುವುದಿಲ್ಲ. 13ರ ಭಾನುವಾರ ಗಟ್ಟಿ ಮಾಡಿದೆ.

ಮಾತಾಡುತ್ತ ಕೂತದ್ದು ಪರ್ಸಿ ಕಲ್ಲಿನ ಕಟ್ಟೆಯ ಮೇಲೆ. ಅದೂ ಕೋಟ್ಯಂತರ ವರ್ಷ ಹಿಂದಿನ ಕಡಲ ತಳವೇ. ಅದರ ಉಬ್ಬರಗಳ ಪಟ್ಟಿ ಮಾತ್ರ ಯಾರೂ ಇಟ್ಟಿಲ್ಲ.

10 ಅಕ್ಟೋಬರ್, ಗುರುವಾರ, ಸೇಡಂ

ಅಳಿಯ ಬೋಟು ನಡೆಸುವ ತಾಂಡೇಲರ ಕೈಗೆ ಫೋನು ಕೊಟ್ಟ. ನನ್ನ ಲೆಕ್ಕವನ್ನೆಲ್ಲ ಕೇಳಿ ಅವರು, "ದಿನ ಚಲೋ ಹುಡ್ಕೀರಿ ಮಾಸ್ತರ್ರೇ. ಪಟ್ಟಿಯಲ್ಲಿ ಗಾಳಿ ಬರ್ದಿದ್ಯಾ?" ಅಂದರು.

ಬರೆದಿಲ್ಲ. ಪಟ್ಟಿ ಅಚ್ಚಾಗುವುದು ವರ್ಷ ಶುರುವಾಗುವ ಮೊದಲೇ, ಸೂರ್ಯಚಂದ್ರರ ಲೆಕ್ಕದ ಮೇಲೆ. ಅರಬ್ಬಿ ಸಮುದ್ರದಲ್ಲಿ ಈಗ ವಾಯುಭಾರ ಕುಸಿದಿದೆ. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದು ಸಣ್ಣ ಮಾತು, ಗಾಳಿ ಎಬ್ಬಿಸುವ ಅಲೆ ದೊಡ್ಡದು. ಬೋಟು ಬಿಡುವುದಿಲ್ಲ ಎಂದರು ತಾಂಡೇಲರು.

ಟಿಕೆಟ್ ರದ್ದು ಮಾಡಿಲ್ಲ. ಅಳಿವೆಯ ದಂಡೆಯಲ್ಲಿ ನಿಂತು ಪಟ್ಟಿಯ ಹೊತ್ತಿಗೂ ನೀರು ನಿಜವಾಗಿ ತಿರುಗುವ ಹೊತ್ತಿಗೂ ಎಷ್ಟು ಅಂತರವಿದೆ ಎಂದು ಗಡಿಯಾರ ಹಿಡಿದು ಬರೆದುಕೊಳ್ಳುವುದಿದೆ. ನದಿಯೊಳಗೆ ತಡವಾಗಲೇಬೇಕು. ಅಳಿಯನಿಗೆ ಕೊಡೆ ತರಲು ಹೇಳಿದ್ದೇನೆ.