ಸರಾಸರಿಯಲ್ಲಿ ಮರೆಯಾದವಳು

ನಂಜನಗೂಡು ಬಳಿಯ ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ. ಸರಾಸರಿಯ ಪಾಠಕ್ಕೆ ಒಂಬತ್ತನೇ ತರಗತಿಯ ಮಕ್ಕಳ ತೂಕಗಳನ್ನು ಹೆಸರಿಲ್ಲದೆ ಕಪ್ಪುಹಲಗೆಯ ಮೇಲೆ ಬರೆದೆ. ಸರಾಸರಿ ಚೆನ್ನಾಗಿಯೇ ಬಂತು. ಅತಿ ಕಡಿಮೆ ತೂಕ, ಟಿ. ನರಸೀಪುರ ರಸ್ತೆಯ ಹಳ್ಳಿಯಿಂದ ಬರುವ ಹುಡುಗಿಯದು. ಅವಳ ಬಗ್ಗೆ ನಾನು 'ನಿರಾಸಕ್ತಿ' ಎಂದು ಟಿಪ್ಪಣಿ ಬರೆದಿದ್ದೆ. ಆಮೇಲೆ ಒಬ್ಬಳನ್ನೇ ಕರೆದು "ಬೆಳಿಗ್ಗೆ ಏನು ತಿಂದೆ?" ಎಂದರೆ, "ಟೀ ಕುಡಿದೆ, ಮಿಸ್" ಎಂದಳು.

2021ರ ಕೊನೆಯಲ್ಲಿ ಯಾದಗಿರಿ ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಟ್ಟರು. ಮೊಟ್ಟೆ ಸಿಗದ ಗದಗದ ಮಕ್ಕಳೊಡನೆ ಹೋಲಿಸಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಬಂತು. 2023ರಲ್ಲಿ ಒಂಬತ್ತು, ಹತ್ತನೇ ತರಗತಿಗೂ. ಅವಳ ತಟ್ಟೆಯ ಮೊಟ್ಟೆಯ ಹಿಂದೆ ಆ ತೂಕಗಳಿವೆ.

'ನಿರಾಸಕ್ತಿ' ಹೊಡೆದು 'ಬೆಳಗಿನ ತಿಂಡಿಯಿಲ್ಲ' ಎಂದು ಬರೆದೆ. ತರಗತಿ ಶಿಕ್ಷಕಿಗೂ ತಿಳಿಸಿದೆ.