ಮನೆಯ ಮಾತಿನಿಂದ ಜಪಾನೀ ಮಾತಿಗೆ

ಪರದೇಶದ ಭಾಷೆಯೊಂದನ್ನು ಕಲಿಯಬೇಕೆಂದು ಹೊರಟವರು ಮೊದಲು ಕೇಳುವುದು, ಯಾವ ಪುಸ್ತಕವನ್ನು ಓದಬೇಕೆಂದು. ಅದಕ್ಕಿಂತಲೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದುಂಟು. ಅದು, ಯಾವ ಭಾಷೆಯ ಬಾಗಿಲಿನಿಂದ ಆ ಮನೆಯನ್ನು ಹೊಗಬೇಕೆಂಬುದು. ನಮ್ಮ ನಾಡಿನಲ್ಲಿ ಇದಕ್ಕೆ ಇಂಗ್ಲಿಷಿನ ಬಾಗಿಲೊಂದೇ ಉಂಟೆಂದು ಬಹುಮಂದಿ ನಂಬಿರುವರು. ಜಪಾನೀ ಭಾಷೆಯ ಮೊದಲ ಪಾಠಗಳನ್ನು ಕಲಿತು ಅದರ ಪರೀಕ್ಷೆಗೆ ಕುಳಿತ ಬಳಿಕ, ಈ ನಂಬಿಕೆಗೆ ಆಧಾರವಿಲ್ಲವೆಂದು ನಮಗೆ ತೋರಿತು. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಹೆಣ್ಣುಮಕ್ಕಳ ತಂದೆತಾಯಿಗಳೂ ಇದನ್ನು ತಿಳಿದಿರುವುದು ಒಳ್ಳೆಯದೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಕನ್ನಡ ಕಲಿಸುವ ಕೆಲಸದಿಂದ ನಿವೃತ್ತಿ ಹೊಂದಿದ ನಮಗೆ ಜಪಾನೀ ಭಾಷೆಯ ಗೊಡವೆ ಏತಕ್ಕೆಂದು ಕೇಳುವವರಿದ್ದಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ದಾದಿಯ ತರಬೇತಿ ಪಡೆದ ನಮ್ಮ ನೆರೆಮನೆಯ ಹುಡುಗಿಯೊಬ್ಬಳು, ಜಪಾನಿಗೆ ಹೋಗಿ ವೃದ್ಧರ ಶುಶ್ರೂಷೆ ಮಾಡಬೇಕೆಂದು ಮನಸ್ಸು ಮಾಡಿದಳು. ಆಕೆ ಸೇರಬಯಸಿದ ಪಾಠದ ಸ್ಥಳದಲ್ಲಿ, ‘ನಿನ್ನ ಇಂಗ್ಲಿಷು ಸಾಲದು; ಮೊದಲು ಅದನ್ನು ಸರಿಮಾಡಿಕೊಂಡು ಬಾ’ ಎಂದರಂತೆ. ‘ಟೀಚರೇ, ನನ್ನ ನಾಲಗೆಗೆ ಬೇರೆ ಭಾಷೆ ಹತ್ತುವುದಿಲ್ಲವೇ?’ ಎಂದು ಆಕೆ ನಮ್ಮನ್ನು ಕೇಳಿದಳು. ಆ ಪ್ರಶ್ನೆಗೆ ಬಾಯಿಮಾತಿನ ಸಮಾಧಾನವು ಸಾಲದೆಂದು ನಾವೂ ಪುಸ್ತಕ ಹಿಡಿದು ಆಕೆಯೊಡನೆ ಕುಳಿತೆವು.

ಪರೀಕ್ಷೆಯ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆಯು 1984ರಲ್ಲಿ ಆರಂಭವಾಯಿತು. 2010ರಿಂದ ಅದಕ್ಕೆ ಐದು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದು ಎನ್-5. ನಮ್ಮ ದೇಶದಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ಇದು ನಡೆಯುವುದು. ಈ ಮೆಟ್ಟಿಲಿನಲ್ಲಿ ಶಬ್ದಗಳಿಗೆ 20 ನಿಮಿಷ, ವ್ಯಾಕರಣ ಮತ್ತು ವಾಚನಕ್ಕೆ 40 ನಿಮಿಷ, ಆಲಿಸುವುದಕ್ಕೆ 30 ನಿಮಿಷ. ಒಟ್ಟು ಅಂಕಗಳು 180. ತೇರ್ಗಡೆಗೆ 80 ಬೇಕು. ಆದರೆ ಶಬ್ದ, ವ್ಯಾಕರಣ, ವಾಚನಗಳ 120ರಲ್ಲಿ 38ನ್ನೂ, ಆಲಿಸುವಿಕೆಯ 60ರಲ್ಲಿ 19ನ್ನೂ ಬೇರೆ ಬೇರೆಯಾಗಿ ಗಳಿಸಲೇಬೇಕು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವುದಷ್ಟೇ ಕೆಲಸ. ಮಾತನಾಡಿಸಿ ನೋಡುವುದಾಗಲಿ, ಬರೆಯಿಸಿ ನೋಡುವುದಾಗಲಿ ಇಲ್ಲ. 2010ರ ಬಳಿಕ ಇಂತಿಷ್ಟೇ ಶಬ್ದಗಳೆಂಬ ಅಧಿಕೃತ ಪಟ್ಟಿಯನ್ನು ಹೊರಡಿಸುವುದಿಲ್ಲ. ಹಿಂದಿನ ಪದ್ಧತಿಯ ಕೊನೆಯ ಮೆಟ್ಟಿಲಿಗೆ ಸುಮಾರು 800 ಶಬ್ದಗಳನ್ನೂ 100 ಚೀನೀ ಚಿಹ್ನೆಗಳನ್ನೂ ಅಳತೆಯಾಗಿ ಇಟ್ಟಿದ್ದರು. ನಾವು ಅದನ್ನೇ ಗುರಿಯಾಗಿಟ್ಟುಕೊಂಡೆವು.

ಮೊದಲ ದಿನವೇ ನಮ್ಮ ಹುಡುಗಿಯ ಮುಖ ಅರಳಿತು. ಜಪಾನೀ ಅಕ್ಷರಮಾಲೆಯಲ್ಲಿ ಸ್ವರಗಳು ಅ, ಇ, ಉ, ಎ, ಒ ಎಂದು ಬರುವುವು. ಅನಂತರ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಗಾಕ್ಷರಗಳ ನಡಿಗೆಯೇ ಇಲ್ಲಿ ಕಾಣುವುದಲ್ಲವೆ? ಇದು ಕಾಕತಾಳೀಯವಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಓದಲು ಕಲಿತಾಗ, ಆ ವರ್ಣಕ್ರಮದ ಶಾಸ್ತ್ರವೂ ಅವರೊಡನೆ ಜಪಾನಿಗೆ ಹೋಯಿತು.

ಉಚ್ಚಾರದಲ್ಲಿಯೂ ಕನ್ನಡವು ಕೈಹಿಡಿಯಿತು. ‘ಕೊಕೊ’ ಎಂದರೆ ಇಲ್ಲಿ. ‘ಕೋಕೋ’ ಎಂದರೆ ಹೈಸ್ಕೂಲು. ‘ಒಬಸನ್’ ಎಂದರೆ ಚಿಕ್ಕಮ್ಮ ಇಲ್ಲವೆ ಅತ್ತೆ. ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು. ‘ಕಿತ್ತೆ’ ಎಂದರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡವರು ಈ ಹ್ರಸ್ವದೀರ್ಘಗಳಲ್ಲಿ ಎಡವುವುದುಂಟು. ಕೊಂಬು, ದೀರ್ಘ, ಒತ್ತಕ್ಷರಗಳನ್ನು ಬಾಲ್ಯದಲ್ಲಿಯೇ ತಿದ್ದಿ ಬರೆದ ಮಗುವಿಗೆ ಇವು ಕಷ್ಟವಲ್ಲ. ನಾವು ಪ್ರತಿದಿನ ಹತ್ತು ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಗಟ್ಟಿಯಾಗಿ ಓದುತ್ತಿದ್ದೆವು. ಜಪಾನೀ ಅಕ್ಷರಗಳು ಕೈಗೆ ಬಂದ ಮೇಲೆ ಆ ಊರುಗೋಲನ್ನು ಬಿಟ್ಟೆವು.

ಇನ್ನು ವಾಕ್ಯರಚನೆ. ‘ವತಶಿ ವ ಹೊನ್ ಒ ಯೊಮಿಮಸು’ ಎಂದರೆ, ನಾನು ಪುಸ್ತಕವನ್ನು ಓದುತ್ತೇನೆ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ವಿಭಕ್ತಿಯ ಗುರುತು ನಾಮಪದದ ಹಿಂದಿನಿಂದ ಬಂದು ಅಂಟಿಕೊಳ್ಳುವುದು. ‘ಕಿನೋ ಕತ್ತ ಹೊನ್’ ಎಂಬುದನ್ನು ಒಂದೊಂದೇ ಶಬ್ದವಾಗಿ ಕನ್ನಡಕ್ಕೆ ತಿರುಗಿಸಿದರೆ ‘ನಿನ್ನೆ ಕೊಂಡ ಪುಸ್ತಕ’ ಎಂದಾಗುವುದು. ಇಂಗ್ಲಿಷಿನಲ್ಲಾದರೋ ಇದನ್ನು ತಲೆಕೆಳಗು ಮಾಡಬೇಕು. ‘ಉತ ಗ ಸುಕಿ ದೆಸು’ ಎಂದರೆ ‘ಹಾಡು ಇಷ್ಟ’. ಇಂಗ್ಲಿಷಿನ ಮೂಲಕ ಬಂದವರು ‘ಹಾಡನ್ನು’ ಎಂಬರ್ಥದ ‘ಒ’ ಪ್ರತ್ಯಯವನ್ನು ಹಚ್ಚುವರು. ‘ನನಗೆ ಹಾಡನ್ನು ಇಷ್ಟ’ ಎಂದು ಯಾವ ಕನ್ನಡಿತಿಯೂ ನುಡಿಯಳು. ಆದಕಾರಣ ಆ ತಪ್ಪು ನಮ್ಮ ಹುಡುಗಿಯಿಂದ ಒಮ್ಮೆಯೂ ಆಗಲಿಲ್ಲ.

ಆರಂಭದವರೆಲ್ಲರೂ ಹೆದರುವುದು ‘ತೆ’ ರೂಪವೆಂಬ ಪಾಠಕ್ಕೆ. ‘ಯೊಮು’ ಎಂಬುದು ‘ಯೊಂದೆ’ ಆಗುವುದು, ‘ತೊರು’ ಎಂಬುದು ‘ತೊತ್ತೆ’ ಆಗುವುದು, ‘ಹನಸು’ ಎಂಬುದು ‘ಹನಶಿತೆ’ ಆಗುವುದು. ಇದೇನು ಗೊಂದಲವೆಂದು ಆಕೆ ಪುಸ್ತಕ ಮುಚ್ಚಿದಾಗ ನಾವು ಕೇಳಿದೆವು: ‘ತಿನ್ನು ಎಂಬುದು ತಿಂದು ಆಗುತ್ತದೆ, ನಗು ಎಂಬುದು ನಕ್ಕು, ಬೀಳು ಎಂಬುದು ಬಿದ್ದು. ಇದನ್ನು ನಿನಗೆ ಕಲಿಸಿದವರು ಯಾರಮ್ಮಾ?’ ಆಕೆ ತುಸು ಹೊತ್ತು ಸುಮ್ಮನಿದ್ದು ಮತ್ತೆ ಪುಸ್ತಕ ತೆರೆದಳು. ‘ಒಕಿತೆ, ಗೊಹನ್ ಒ ತಬೆತೆ, ಗಕ್ಕೋ ಎ ಇಕಿಮಶಿತ’ ಎಂಬ ವಾಕ್ಯವು ‘ಎದ್ದು, ಅನ್ನ ಉಂಡು, ಶಾಲೆಗೆ ಹೋದಳು’ ಎಂಬ ನಮ್ಮ ಕೃದಂತಾವ್ಯಯಗಳ ಸರಪಳಿಯೇ ಆಗಿದೆ. ‘ಮಿರು’ ಎಂದರೆ ನೋಡು. ಮುಂದಿನ ಮೆಟ್ಟಿಲಿನ ಪಾಠದಲ್ಲಿ ಬರುವ ‘ತಬೆತೆ ಮಿರು’ ಎಂದರೆ ‘ತಿಂದು ನೋಡು’. ಕಣ್ಣಿನಿಂದ ನೋಡುವ ಕ್ರಿಯೆಯನ್ನು ಪರೀಕ್ಷಿಸುವ ಅರ್ಥಕ್ಕೆ ಎರಡು ಭಾಷೆಗಳೂ ಒಂದೇ ರೀತಿಯಲ್ಲಿ ತಿರುಗಿಸಿಕೊಂಡಿವೆ.

ಸಣ್ಣ ಶಬ್ದಗಳಲ್ಲಿಯೂ ಇದೇ ಸೊಗಸು. ‘ದರೆ’ ಎಂದರೆ ಯಾರು. ‘ದರೆ ಕ’ ಎಂದರೆ ಯಾರೋ. ‘ದರೆ ಮೊ’ ಎಂಬುದಕ್ಕೆ ನಿಷೇಧಾರ್ಥದ ಕ್ರಿಯಾಪದ ಸೇರಿದರೆ, ಯಾರೂ ಇಲ್ಲವೆಂಬಲ್ಲಿಯ ಯಾರೂ. ‘ಕೊರೆ, ಸೊರೆ, ಅರೆ’ ಎಂದು ಅವರಲ್ಲಿ ಮೂರು ದೂರಗಳುಂಟು: ನನ್ನ ಬಳಿಯದು, ನಿನ್ನ ಬಳಿಯದು, ಇಬ್ಬರಿಗೂ ದೂರದ್ದು. ಈಗಿನ ಕನ್ನಡದಲ್ಲಿ ಇದು, ಅದು ಎಂದು ಎರಡೇ ಉಳಿದಿದ್ದರೂ, ಹಳಗನ್ನಡದಲ್ಲಿ ಇವೆರಡರ ನಡುವಣ ‘ಉದು’ ಎಂಬುದೂ ಇದ್ದಿತು. ಅಕ್ಕನಿಗೆ ‘ಅನೆ’, ತಂಗಿಗೆ ‘ಇಮೋತೊ’, ಅಣ್ಣನಿಗೆ ‘ಅನಿ’, ತಮ್ಮನಿಗೆ ‘ಒತೋತೊ’ ಎಂದು ಬೇರೆ ಬೇರೆ ಹೆಸರುಗಳುಂಟು. ಪರರ ಅಕ್ಕನಾದರೆ ಗೌರವದಿಂದ ‘ಒನೇಸನ್’ ಎನ್ನಬೇಕು. ರೊಟ್ಟಿಗೆ ಅವರು ‘ಪನ್’ ಎನ್ನುವರು. ನಮ್ಮ ಕರಾವಳಿಯ ‘ಪಾವ್’ ಕೂಡ ಅದೇ ಪೋರ್ಚುಗೀಸ್ ಶಬ್ದದಿಂದ ಹುಟ್ಟಿದುದು.

ಇಷ್ಟು ಹೋಲಿಕೆಯುಂಟೆಂದು ಎರಡೂ ಒಂದೇ ತಾಯಿಯ ಮಕ್ಕಳೆಂದು ತಿಳಿಯಬಾರದು. ಓನೋ ಸುಸುಮು ಎಂಬ ಜಪಾನೀ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ಸಂಬಂಧವುಂಟೆಂದು ವಾದಿಸಿದರು. ಬಹುಪಾಲು ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ಅಲ್ಲದೆ ಕನ್ನಡವು ನೆರವಾಗದ ಕಡೆಗಳೂ ಸಾಕಷ್ಟಿವೆ. ಅವರಲ್ಲಿ ಗುಣವಾಚಕವೇ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದು. ಚಳಿಯಾಗಿದ್ದರೆ ‘ಸಮುಯಿ’, ಚಳಿಯಾಗಿತ್ತೆಂದರೆ ‘ಸಮುಕತ್ತ’. ಒಬ್ಬರು, ಇಬ್ಬರು ಎನ್ನುವಂತೆ ‘ಹಿತೊರಿ, ಫುತರಿ’ ಇರುವುದೇನೋ ಸರಿ. ಆದರೆ ಪೆನ್ಸಿಲು, ಬಾಳೆಹಣ್ಣು ಮೊದಲಾದ ಉದ್ದನೆಯ ವಸ್ತುಗಳನ್ನು ‘ಇಪ್ಪೊನ್, ನಿಹೊನ್, ಸಂಬೊನ್’ ಎಂದು ಬೇರೆಯಾಗಿಯೇ ಎಣಿಸಬೇಕು. ಚೀನೀ ಚಿಹ್ನೆಗಳಂತೂ ತಪಸ್ಸೇ ಸರಿ. ಮರದ ಚಿಹ್ನೆ ಎರಡು ಸೇರಿದರೆ ತೋಪು, ಮೂರು ಸೇರಿದರೆ ಕಾಡು ಎಂಬಲ್ಲಿಯವರೆಗೆ ಸಂತೋಷವಾಗಿರುವುದು. ಆದರೆ ರವಿವಾರಕ್ಕೆ ಹೇಳುವ ‘ನಿಚಿಯೋಬಿ’ ಎಂಬ ಒಂದೇ ಶಬ್ದದಲ್ಲಿ ಸೂರ್ಯನ ಚಿಹ್ನೆಯು ಮೊದಲಲ್ಲಿ ‘ನಿಚಿ’ ಎಂದೂ ಕೊನೆಯಲ್ಲಿ ‘ಬಿ’ ಎಂದೂ ನುಡಿಯುವುದು. ಇದಕ್ಕೆ ದಿನವೂ ಬರೆಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಆಲಿಸುವ ಪರೀಕ್ಷೆಯಲ್ಲಿ ಪ್ರತಿಯೊಂದನ್ನೂ ಒಂದೇ ಸಲ ಕೇಳಿಸುವರು. ಆದಕಾರಣ ಕಿವಿಗೂ ನಿತ್ಯದ ಅಭ್ಯಾಸ ಬೇಕು.

ಮಿಶನ್ ಶಾಲೆಯ ಮಕ್ಕಳಾದ ನಮಗೆ ಇಂತಹ ಶ್ರಮವು ಹೊಸತೆನಿಸಬಾರದು. 1859ರಲ್ಲಿ ಜಪಾನಿಗೆ ಬಂದ ವೈದ್ಯಮಿಶನರಿ ಹೆಪ್‌ಬರ್ನರು ಜಪಾನೀ-ಇಂಗ್ಲಿಷ್ ನಿಘಂಟನ್ನು 1867ರಲ್ಲಿ ಹೊರತಂದರು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಬ್ಬರೂ ಜನರ ಮನೆಮಾತನ್ನು ಗೌರವಿಸಿ ಅದರ ಕಾಲಬಳಿಯಲ್ಲಿ ಕುಳಿತವರು. 1871ರಲ್ಲಿ ಜಪಾನ್ ಸರಕಾರವು ಐವರು ಹುಡುಗಿಯರನ್ನು ವಿದ್ಯಾಭ್ಯಾಸಕ್ಕಾಗಿ ಅಮೆರಿಕೆಗೆ ಕಳುಹಿಸಿತು. ಅವರಲ್ಲಿ ಕಿರಿಯಳಾದ ತ್ಸುದಾ ಉಮೆಕೊ ಎಂಬಾಕೆಗೆ ಆಗ ಏಳು ವರ್ಷವೂ ತುಂಬಿರಲಿಲ್ಲ. 1882ರಲ್ಲಿ ತಿರುಗಿ ಬಂದಾಗ ಆಕೆ ಜಪಾನೀ ಭಾಷೆಯನ್ನು ಬಹುಮಟ್ಟಿಗೆ ಮರೆತಿದ್ದಳು; ಹೆತ್ತವರ ಮಾತನ್ನು ಹೊಸದಾಗಿ ಕಲಿಯಬೇಕಾಯಿತು. ಕಲಿತು, 1900ರಲ್ಲಿ ತೋಕಿಯೋವಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ಸ್ಥಾಪಿಸಿದಳು. 2024ರಲ್ಲಿ ಹೊರಬಂದ 5,000 ಯೆನ್ನಿನ ನೋಟಿನ ಮೇಲೆ ಆಕೆಯ ಮುಖವಿದೆ. ಪರಭಾಷೆಯನ್ನು ಗಳಿಸುವಾಗ ಮನೆಮಾತನ್ನು ಕಳೆದುಕೊಂಡರೆ ತೆರಬೇಕಾದ ಬೆಲೆಯೆಷ್ಟೆಂದು ಆಕೆ ಬಲ್ಲವಳಾಗಿದ್ದಳು.

ತಂದೆತಾಯಿಗಳಿಗೆ ಒಂದು ಎಚ್ಚರಿಕೆಯ ಮಾತು. ಎನ್-5 ಪ್ರಮಾಣಪತ್ರದಿಂದಲೇ ಜಪಾನಿನಲ್ಲಿ ಶುಶ್ರೂಷೆಯ ಉದ್ಯೋಗ ದೊರೆಯದು. 2019ರ ಏಪ್ರಿಲಿನಲ್ಲಿ ಆ ಸರಕಾರವು ನಿರ್ದಿಷ್ಟ ಕೌಶಲದ ಕೆಲಸಗಾರರಿಗೆಂದು ವೀಸಾ ಪದ್ಧತಿಯೊಂದನ್ನು ಆರಂಭಿಸಿತು. 2021ರ ಜನವರಿಯಲ್ಲಿ ನಮ್ಮ ದೇಶವೂ ಅದಕ್ಕಾಗಿ ಒಡಂಬಡಿಕೆ ಮಾಡಿಕೊಂಡಿತು. ಆ ದಾರಿಯಲ್ಲಿ ಹೋಗುವವರಿಗೆ ಎನ್-4 ಅಥವಾ ಅದಕ್ಕೆ ಸಮನಾದ ಭಾಷಾಪರೀಕ್ಷೆಯೂ, ಶುಶ್ರೂಷೆಯ ಕೌಶಲದ ಮತ್ತು ಆ ಕೆಲಸದ ಮಾತಿನ ಪರೀಕ್ಷೆಗಳೂ ಬೇಕು. ಮೊದಲ ಮೆಟ್ಟಿಲನ್ನೇ ಮಾಳಿಗೆಯೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿರಿ. ಹಾಗೆಂದು ಆ ಮೆಟ್ಟಿಲನ್ನು ಕಡೆಗಣಿಸಲೂಬೇಡಿರಿ. ಅದರ ಪಾಠಗಳನ್ನು ಕಲಿಯದೆ ಮುಂದಿನದು ಸಿಕ್ಕದು.

ಡಿಸೆಂಬರಿನ ಪರೀಕ್ಷೆಗೆ ನಾವಿಬ್ಬರೂ ಬೆಂಗಳೂರಿಗೆ ಹೋಗಿ ಬಂದೆವು, ಇಬ್ಬರೂ ತೇರ್ಗಡೆಯಾದೆವು. ಆಕೆಯ ಅಂಕಗಳು ನಮ್ಮವುಗಳಿಗಿಂತ ಹೆಚ್ಚು. ಈಗ ಆಕೆ ಎನ್-4ರ ಪಾಠಗಳನ್ನು ಓದುತ್ತಿರುವಳು. ಮುಂದಿನ ದಾರಿ ಇನ್ನೂ ಉದ್ದವಾಗಿದೆ, ಕೆಲಸ ಸಿಕ್ಕುವುದೋ ಇಲ್ಲವೋ ದೇವರ ಚಿತ್ತ. ಆದರೆ ತನ್ನ ನಾಲಗೆಗೆ ಬೇರೆ ಭಾಷೆ ಹತ್ತದೆಂಬ ಮಾತನ್ನು ಆಕೆ ಇನ್ನು ಆಡುವುದಿಲ್ಲ. ಪಂಚಾಶತ್ತಮ ಹಬ್ಬದ ದಿನ ಯೆರೂಸಲೇಮಿನಲ್ಲಿ ನೆರೆದವರು ದೇವರ ಮಹತ್ತುಗಳನ್ನು ತಂತಮ್ಮ ಸ್ವಂತ ಭಾಷೆಗಳಲ್ಲಿಯೇ ಕೇಳಿದರೆಂದು ನಾವು ಈ ಶಾಲೆಯಲ್ಲಿ ಕಲಿತಿದ್ದೇವೆ. ತಿಳಿವಳಿಕೆಯು ಮನುಷ್ಯರನ್ನು ಮುಟ್ಟುವುದು ಅವರ ಮನೆಮಾತಿನಿಂದಲೇ. ನಮ್ಮ ಹೆಣ್ಣುಮಕ್ಕಳು ಎಷ್ಟು ಭಾಷೆಗಳನ್ನಾದರೂ ಕಲಿಯಲಿ, ಎಷ್ಟು ದೂರದ ದೇಶಕ್ಕಾದರೂ ಹೋಗಲಿ. ತಾಯಿಯಿಂದ ಕಲಿತ ಕನ್ನಡವನ್ನು ಕೊರತೆಯೆಂದೆಣಿಸದೆ ಬಂಡವಾಳವೆಂದು ತಿಳಿದು ಹೊರಡಲಿ ಎಂಬುದೇ ನಮ್ಮ ಹಾರೈಕೆ.